ಸೋಲಿಗೂ ಒಂದು ಮಾನವುಂಟು

ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದವರು ಕಟ್ಟಿದ್ದು. ಅಮೆರಿಕದ ಫುಟ್‌ಬಾಲಿಗೆ ಅದು ಹೊಂದುವುದಿಲ್ಲ. ಅಲ್ಲಿ ಸೋತವನು ಸಾಯುವುದಿಲ್ಲ; ಎಲ್ಲರಿಗಿಂತ ಹೆಚ್ಚು ಸೋತವನನ್ನು ಮರುವರ್ಷ ಮೊದಲ ಪಂಕ್ತಿಯಲ್ಲಿ ಕೂರಿಸಿ ಮೊದಲು ಬಡಿಸುತ್ತಾರೆ. ಈ ವೈಚಿತ್ರ್ಯವನ್ನು ಕುರಿತು ನಾಲ್ಕು ಮಾತು ಬರೆಯುವಂತೆ ಮಾಡಿದವರು ನನ್ನ ಅಳಿಯಂದಿರು.

ಅವರು ಒಹಾಯೊದಲ್ಲಿ ಉದ್ಯೋಗದಲ್ಲಿದ್ದಾರೆ. ಕಳೆದ ಸಲ ಊರಿಗೆ ಬಂದಾಗ, ಊಟವಾದ ಮೇಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದೆವು. ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಅತಿ ಹೀನಾಯವಾಗಿ ಸೋತ ತಂಡಗಳ ಪಟ್ಟಿಯೊಂದನ್ನು ಅವರು ಓದಿ ಹೇಳಿದರು. ಪಟ್ಟಿಯ ತಲೆಯಲ್ಲಿದ್ದುದು 1976ರ ಟ್ಯಾಂಪಾ ಬೇ ಬಕನೀರ್ಸ್ ತಂಡ. "ಹದಿನಾಲ್ಕಕ್ಕೆ ಹದಿನಾಲ್ಕೂ ಸೋತರಲ್ಲ, ಮಾವ! ಇದಕ್ಕಿಂತ ನಾಚಿಕೆಗೇಡು ಉಂಟೇ?" ಎಂದು ನಕ್ಕರು. ನಾನು ನಗಲಿಲ್ಲ. ಆದರೆ ಮನೆಗೆ ಬಂದ ಅಳಿಯನ ಎದುರು ವಾದ ಹೂಡುವುದು ನಮ್ಮಲ್ಲಿ ಸಂಪ್ರದಾಯವಲ್ಲ. ಅಂದು ನುಂಗಿಕೊಂಡ ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ.

ಮಗಳ ಮನೆಯಲ್ಲಿ ಎರಡು ಚಳಿಗಾಲ ಕಳೆದವನು ನಾನು. ಹೊರಗೆ ಹಿಮ ಬೀಳುವಾಗ ಭಾನುವಾರ ಮಧ್ಯಾಹ್ನ ಟೆಲಿವಿಷನ್ನಿನ ಮುಂದೆ ಕುಳಿತು ಈ ಆಟವನ್ನು ಕಲಿತೆ. ಹೆಸರಿಗೆ ಫುಟ್‌ಬಾಲ್, ಕಾಲಿಗೆ ಕೆಲಸ ಕಡಿಮೆ. ಶಿರಸ್ತ್ರಾಣ ತೊಟ್ಟ ಹನ್ನೊಂದು ಮಂದಿ ಮೊಟ್ಟೆಯಾಕಾರದ ಚೆಂಡನ್ನು ಎಸೆದೋ ಹೊತ್ತೋ ಮುಂದಕ್ಕೆ ಒಯ್ಯಬೇಕು. ಎದುರಿನ ಹನ್ನೊಂದು ಮಂದಿ ಅವರನ್ನು ಕೆಡವಬೇಕು. ಇಂದು ಲೀಗಿನಲ್ಲಿ 32 ತಂಡಗಳಿವೆ. ಒಂದು ಸೀಸನ್ನಿಗೆ ತಂಡವೊಂದಕ್ಕೆ 1977ರವರೆಗೆ 14 ಪಂದ್ಯಗಳಿದ್ದವು. 1978ರಿಂದ 16 ಆದವು. 2021ರಿಂದ 17 ಆಗಿವೆ. ಇಷ್ಟು ಕಡಿಮೆ ಪಂದ್ಯಗಳಿರುವುದರಿಂದಲೇ ಒಂದನ್ನೂ ಗೆಲ್ಲದೆ ವರ್ಷ ಮುಗಿಸುವ ದುರದೃಷ್ಟ ಅಲ್ಲಿ ಸಾಧ್ಯವಾಗುತ್ತದೆ.

ಪಟ್ಟಿ ಮಾಡುವವರು ಅಂಕಗಳನ್ನು ಕೂಡಿ ಕಳೆದು ತೀರ್ಪು ಕೊಡುತ್ತಾರೆ. ನಾನೂ ಕೂಡಿ ಕಳೆದು ನೋಡಿದೆ. 1976ರ ಟ್ಯಾಂಪಾ ತಂಡ ಗಳಿಸಿದ್ದು 125 ಅಂಕ, ಕೊಟ್ಟಿದ್ದು 412. ಐದು ಪಂದ್ಯಗಳಲ್ಲಿ ಒಂದೇ ಒಂದು ಅಂಕವಿಲ್ಲ. ಪಂದ್ಯಕ್ಕೆ ಸುಮಾರು 20 ಅಂಕಗಳ ಸೋಲು. 2008ರ ಡೆಟ್ರಾಯಿಟ್ ಲಯನ್ಸ್ 16ರಲ್ಲಿ 16 ಸೋತರು. ಗಳಿಕೆ 268, ಕೊಟ್ಟಿದ್ದು 517. ಪಂದ್ಯಕ್ಕೆ ಸುಮಾರು 16ರ ಸೋಲು. 2017ರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ್ದೂ 16ರಲ್ಲಿ 16 ಸೋಲು. ಆದರೆ ಗಳಿಕೆ 234, ಕೊಟ್ಟಿದ್ದು 410. ಪಂದ್ಯಕ್ಕೆ 11ರ ಸೋಲು ಮಾತ್ರ. ಅದರಲ್ಲಿ ಎರಡು ಪಂದ್ಯ ನಿಗದಿಯಾದ ವೇಳೆ ಮುಗಿದು ಹೆಚ್ಚುವರಿ ಕಾಲದಲ್ಲಿ ಕೈತಪ್ಪಿದವು. ಅಂಕಿಯ ತಕ್ಕಡಿಯಲ್ಲಿ ಮೂರರಲ್ಲಿ ಹಗುರವಾದ ಸೋಲು ಕ್ಲೀವ್‌ಲ್ಯಾಂಡಿನದು.

ನನ್ನ ವಾದ ಇದಕ್ಕೆ ತೀರ ವಿರುದ್ಧ. ಮೂರರಲ್ಲಿ ಕ್ಷಮೆಗೆ ಅರ್ಹವಲ್ಲದ ಸೋಲು ಅದೊಂದೇ. ಸೋಲನ್ನು ಅಳೆಯುವಾಗ ಎಷ್ಟು ಅಂಕದಿಂದ ಸೋತರು ಎಂದು ಕೇಳುವುದಕ್ಕೆ ಮುಂಚೆ, ಗೆಲ್ಲಲು ಅವರ ಕೈಯಲ್ಲಿ ಏನಿತ್ತು, ಇದ್ದುದನ್ನು ಏನು ಮಾಡಿದರು ಎಂದು ಕೇಳಬೇಕು.

1944ನ್ನು ನೋಡಿ. ಮಹಾಯುದ್ಧ ನಡೆಯುತ್ತಿತ್ತು; ಆಟಗಾರರು ಸೇನೆಗೆ ಸೇರಿದ್ದರು. ತಂಡ ಕಟ್ಟಲು ಜನ ಸಾಲದೆ ಷಿಕಾಗೋದ ಕಾರ್ಡಿನಲ್ಸ್ ಮತ್ತು ಪಿಟ್ಸ್‌ಬರ್ಗಿನ ಸ್ಟೀಲರ್ಸ್ ಒಂದಾಗಿ ಆಡಿದರು. ಹತ್ತರಲ್ಲಿ ಹತ್ತೂ ಸೋತರು, 108ಕ್ಕೆ 328. ಪಂದ್ಯಕ್ಕೆ 22 ಅಂಕಗಳ ಸೋಲು, ಟ್ಯಾಂಪಾಗಿಂತಲೂ ದೊಡ್ಡದು. 'ಕಾರ್ಡ್-ಪಿಟ್' ಎಂಬ ಹೆಸರನ್ನು ಜನ 'ಕಾರ್ಪೆಟ್' ಎಂದು ತಿರುಚಿದರು. ಎಲ್ಲರೂ ತುಳಿದು ಹೋಗುವ ಜಮಖಾನ! ಹಾಸ್ಯವೇನೋ ಚೆನ್ನಾಗಿದೆ. ಆದರೆ ಯುದ್ಧಕಾಲದಲ್ಲಿ ಅಂಗಡಿ ಮುಚ್ಚದೆ ಬಾಗಿಲು ತೆರೆದಿಟ್ಟವನನ್ನು, ಸರಕಿಲ್ಲವೆಂದು ಹಂಗಿಸುವುದು ನ್ಯಾಯವೇ?

ಟ್ಯಾಂಪಾದ ಕಥೆಯೂ ಅಂಥದೇ. 1976 ಆ ತಂಡ ಹುಟ್ಟಿದ ವರ್ಷ. ಹಳೆಯ ತಂಡಗಳು ತಮಗೆ ಬೇಕಾದವರನ್ನು ಉಳಿಸಿಕೊಂಡು ಬೇಡವಾದವರನ್ನು ಕೊಟ್ಟವು. ಹೊಸ ಸಂಸಾರಕ್ಕೆ ಬಂಧುಗಳು ತೂತುಬಿದ್ದ ಪಾತ್ರೆಗಳನ್ನು ಉಡುಗೊರೆ ಕೊಟ್ಟ ಹಾಗೆ. ಕೋಚ್ ಜಾನ್ ಮೆಕೇ ಸಾಮಾನ್ಯರಲ್ಲ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ತಂಡಕ್ಕೆ ನಾಲ್ಕು ಸಲ ರಾಷ್ಟ್ರೀಯ ಪ್ರಶಸ್ತಿ ತಂದವರು. ಅವರ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. ಸೋತ ಪಂದ್ಯವೊಂದರ ಬಳಿಕ ಪತ್ರಕರ್ತರು, "ನಿಮ್ಮ ತಂಡದ ಎಕ್ಸಿಕ್ಯೂಷನ್ ಬಗ್ಗೆ ಏನು ಹೇಳುತ್ತೀರಿ?" ಎಂದರಂತೆ. ಆ ಇಂಗ್ಲಿಷ್ ಮಾತಿಗೆ ಕಾರ್ಯನಿರ್ವಹಣೆ ಎಂದೂ ಅರ್ಥ, ಮರಣದಂಡನೆ ಎಂದೂ ಅರ್ಥ. "ನನ್ನ ಪೂರ್ಣ ಸಮ್ಮತಿಯಿದೆ" ಎಂದರಂತೆ ಮೆಕೇ. ಸೋಲಿನ ನಡುವೆಯೂ ಹೀಗೆ ನಗಬಲ್ಲವನು ಸೋಲಿಗೆ ಒಗ್ಗಿಹೋದವನಲ್ಲ. ಮರುವರ್ಷವೂ ಮೊದಲ ಹನ್ನೆರಡು ಪಂದ್ಯ ಸೋತು, ಒಟ್ಟು 26 ಸೋಲುಗಳ ಬಳಿಕ, 1977ರ ಡಿಸೆಂಬರ್ 11ರಂದು ನ್ಯೂ ಆರ್ಲಿಯನ್ಸಿನಲ್ಲಿ 33-14ರಿಂದ ಗೆದ್ದರು. 1979ರಲ್ಲಿ ಸೂಪರ್ ಬೌಲ್ ಅಂತಿಮ ಪಂದ್ಯಕ್ಕೆ ಒಂದೇ ಮೆಟ್ಟಿಲು ಉಳಿದಿರುವವರೆಗೆ ಏರಿದರು. ಇದು ಕಲಿಯುವವನ ಸೋಲು. ಬೀಳದೆ ನಡೆ ಕಲಿತ ಮಗು ಯಾವ ಮನೆಯಲ್ಲಿದೆ?

ಡೆಟ್ರಾಯಿಟಿನದು ಬೇರೆ ಬಗೆ. ಅಲ್ಲಿ ಬಡತನವಿರಲಿಲ್ಲ; ವಿವೇಕವಿರಲಿಲ್ಲ. 2001ರಿಂದ ಆಡಳಿತ ನಡೆಸಿದ ಮ್ಯಾಟ್ ಮಿಲನ್ 2003, 2004, 2005 ಮೂರು ವರ್ಷವೂ ಮೊದಲ ಸುತ್ತಿನಲ್ಲಿ ಒಂದೇ ಬಗೆಯ ಆಟಗಾರರನ್ನು, ಓಡಿಹೋಗಿ ಚೆಂಡು ಹಿಡಿಯುವವರನ್ನು, ಆರಿಸಿದರು. ಮನೆಯ ಗೋಡೆ ಬೀಳುತ್ತಿರುವಾಗ ವರ್ಷಕ್ಕೊಂದು ಕಿಟಕಿ ಕೊಂಡಂತೆ! ಅವರ ಕಾಲದಲ್ಲಿ ತಂಡ ಗೆದ್ದದ್ದು 31 ಪಂದ್ಯ, ಸೋತದ್ದು 84. 2008ರ ಸೆಪ್ಟೆಂಬರಿನಲ್ಲಿ ಅವರನ್ನು ಮನೆಗೆ ಕಳಿಸುವ ಹೊತ್ತಿಗೆ ಕಾಲ ಮಿಂಚಿತ್ತು. ಆ ಊರಿನ ಮೋಟಾರು ಕಂಪನಿಗಳು ಸರ್ಕಾರದ ಸಾಲಕ್ಕೆ ಕೈಯೊಡ್ಡಿದ ವರ್ಷವೂ ಅದೇ. ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ ಊರಿಗೆ ಭಾನುವಾರದ ಸಮಾಧಾನವೂ ಸಿಗಲಿಲ್ಲ. ಇದು ತಪ್ಪು, ದೊಡ್ಡ ತಪ್ಪು. ಆದರೂ ಅದು ತಪ್ಪು ಲೆಕ್ಕ. ಸೋಲನ್ನೇ ಬಂಡವಾಳವೆಂದು ಬರೆದಿಟ್ಟ ಲೆಕ್ಕವಲ್ಲ.

ಬಂಡವಾಳವಾಗುವುದು ಹೇಗೆಂದು ವಾಚಕರು ಕೇಳಬಹುದು. ಅದಕ್ಕೆ 1935ಕ್ಕೆ ಹೋಗಬೇಕು. ಫಿಲಡೆಲ್ಫಿಯದ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ಒಂದು ಸೂಚನೆ ಮುಂದಿಟ್ಟರು. ಹಣವಂತ ತಂಡಗಳೇ ಕಾಲೇಜುಗಳ ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಂಡರೆ ಬಡ ತಂಡಗಳು ಬದುಕುವುದೆಂತು? ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡ ಮೊದಲು ಆರಿಸಲಿ, ಗೆದ್ದವರು ಕೊನೆಗೆ ಆರಿಸಲಿ. 1936ರಿಂದ ಇದು ನಡೆದುಬಂದಿದೆ, 'ಡ್ರಾಫ್ಟ್' ಎನ್ನುತ್ತಾರೆ. 1961ರ ಕಾಯಿದೆಯ ಬಳಿಕ ಟೆಲಿವಿಷನ್ನಿನ ಹಣವೂ ತಂಡಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಬಂಡವಾಳಶಾಹಿಯ ತವರಿನಲ್ಲಿ ಇಷ್ಟು ಸಮಾಜವಾದ! ಉದ್ದೇಶ ಒಳ್ಳೆಯದೇ. ಆದರೆ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಗೆ ಇಳಿಯಲೇಬೇಕು. ಅಮೆರಿಕದಲ್ಲಿ ಅಂಥ ಭಯವಿಲ್ಲ. ಸೋತರೆ ಹಣ ನಿಲ್ಲುವುದಿಲ್ಲ, ದರ್ಜೆ ಇಳಿಯುವುದಿಲ್ಲ, ಮೇಲೆ ಮೊದಲ ಆಯ್ಕೆಯ ಬಹುಮಾನ. ಬಡವನಿಗೆಂದು ತೆರೆದ ಛತ್ರದಲ್ಲಿ ಉಳ್ಳವನು ಹರಕು ಅಂಗಿ ತೊಟ್ಟು ಬಂದು ಕುಳಿತರೆ ಏನೆನ್ನಬೇಕು?

ಕ್ಲೀವ್‌ಲ್ಯಾಂಡ್ ಮಾಡಿದ್ದು ಅದನ್ನೇ ಎಂದು ನನ್ನ ಆರೋಪ. 2016ರಲ್ಲಿ ಬಂದ ಹೊಸ ಆಡಳಿತ ಅನುಭವಿ ಆಟಗಾರರನ್ನು ಬಿಟ್ಟುಕೊಟ್ಟಿತು. ಕೈಗೆ ಬಂದ ಎರಡನೆಯ ಆಯ್ಕೆಯನ್ನು ಫಿಲಡೆಲ್ಫಿಯಕ್ಕೆ ಮಾರಿ, ಬದಲಿಗೆ ಮುಂದಿನ ವರ್ಷಗಳ ಆಯ್ಕೆಗಳನ್ನು ಕೂಡಿಹಾಕಿತು. ಆ ವರ್ಷ 16ರಲ್ಲಿ ಒಂದು ಗೆಲುವು. 2017ರಲ್ಲಿ ಅದೂ ಇಲ್ಲ. ಇಪ್ಪತ್ತೊಂದು ವಯಸ್ಸಿನ ಡಿಶೋನ್ ಕೈಜರ್ ಎಂಬ ಹುಡುಗನನ್ನು ಮುಂದಾಳಾಗಿ ನಿಲ್ಲಿಸಿದರು. ಅವನು ಎಸೆದ ಚೆಂಡುಗಳಲ್ಲಿ 22 ಎದುರಾಳಿಗಳ ಕೈಸೇರಿದವು. ಆ ಹುಡುಗನ ತಪ್ಪೇನು? ಈಜು ಬಾರದವನನ್ನು ಮಡುವಿಗೆ ತಳ್ಳಿ ದಡದಲ್ಲಿ ನಿಂತು ಲೆಕ್ಕ ಬರೆದವರು ಯಾರು? ಅದೇ ವರ್ಷ, ಆ ಎರಡನೆಯ ಆಯ್ಕೆಯನ್ನು ಕೊಂಡ ಫಿಲಡೆಲ್ಫಿಯ ತಂಡ ಸೂಪರ್ ಬೌಲ್ ಗೆದ್ದಿತು!

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ತಂಡ ಬೇಕೆಂದೇ ಸೋತಿತೆಂಬ ದೂರಿನ ಮೇಲೆ ಲೀಗ್ 2022ರಲ್ಲಿ ವಿಚಾರಣೆ ನಡೆಸಿತು, ಪುರಾವೆ ಸಿಗಲಿಲ್ಲ. ನಾನೂ ಅದನ್ನು ಒಪ್ಪುತ್ತೇನೆ. ಮೈದಾನದಲ್ಲಿದ್ದವರು ಸೋಲಲು ಆಡಲಿಲ್ಲ. ಆದರೆ ಕಚೇರಿಯಲ್ಲಿದ್ದವರು ಆ ವರ್ಷ ಗೆಲ್ಲಬೇಕೆಂದು ತಂಡ ಕಟ್ಟಲೂ ಇಲ್ಲ.

"ಫಲ ಬಂತಲ್ಲ?" ಎನ್ನುವವರಿದ್ದಾರೆ. 2020ರಲ್ಲಿ ಕ್ಲೀವ್‌ಲ್ಯಾಂಡ್ 16ರಲ್ಲಿ 11 ಗೆದ್ದು, 18 ವರ್ಷಗಳ ಬಳಿಕ ನಾಕೌಟ್ ಸುತ್ತು ತಲಪಿ, ಪಿಟ್ಸ್‌ಬರ್ಗನ್ನು ಸೋಲಿಸಿತು, ನಿಜ. ಆದರೆ 2018ರಲ್ಲೇ ಕೋಚನ್ನು ಬದಲಿಸಿದ ಮೇಲೆ ಅದೇ ಆಟಗಾರರು ಎಂಟರಲ್ಲಿ ಐದು ಪಂದ್ಯ ಗೆದ್ದರು. ಎರಡು ವರ್ಷಗಳಲ್ಲಿ 31 ಸೋಲು ಕಂಡ ಅದೇ ಕೋಚನ್ನು ಅಲ್ಲಿಯವರೆಗೆ ಉಳಿಸಿಕೊಂಡದ್ದು ಯಾವ ದೂರದೃಷ್ಟಿ? ಈ ರೋಗ ಪ್ರೇಕ್ಷಕರಿಗೂ ತಗಲಿದೆ. 2020ರಲ್ಲಿ ನ್ಯೂಯಾರ್ಕಿನ ಜೆಟ್ಸ್ ತಂಡ 13 ಸೋಲುಗಳ ಬಳಿಕ ಒಂದು ಪಂದ್ಯ ಗೆದ್ದಾಗ, ಮೊದಲ ಆಯ್ಕೆ ಕೈಬಿಟ್ಟಿತೆಂದು ಅದರ ಅಭಿಮಾನಿಗಳೇ ಅನೇಕರು ಹಳಹಳಿಸಿದರು. ತನ್ನವರು ಗೆದ್ದರೆ ಅಳುವ ಸ್ಥಿತಿಗೆ ಜನರನ್ನು ತಂದ ಏರ್ಪಾಡನ್ನು ಆಟವೆನ್ನುವುದು ಹೇಗೆ?

ಈ ಲೆಕ್ಕಾಚಾರದಲ್ಲಿ ಕಾಣದೆಹೋದ ಮನುಷ್ಯನೊಬ್ಬನಿದ್ದಾನೆ. ಜೋ ಥಾಮಸ್. 2007ರಲ್ಲಿ ಕ್ಲೀವ್‌ಲ್ಯಾಂಡಿಗೆ ಬಂದವನು. ಚೆಂಡು ಎಸೆಯುವವನಿಗೆ ಏಟು ಬೀಳದಂತೆ ಎಡಗಡೆ ಗೋಡೆಯಾಗಿ ನಿಲ್ಲುವುದು ಅವನ ಕೆಲಸ. ಗೆಲುವಿರಲಿ ಸೋಲಿರಲಿ, ಎಡೆಬಿಡದೆ 10,363 ಸಲ ಆ ಜಾಗದಲ್ಲಿ ನಿಂತ. ಒಂದು ಸಲವೂ ಹೊರಗೆ ಕೂರಲಿಲ್ಲ. ಆ ಸರಣಿ ಮುರಿದದ್ದು ಇದೇ 2017ರ ಅಕ್ಟೋಬರ್ 22ರಂದು, ತೋಳಿನ ಸ್ನಾಯು ಹರಿದು. ಮತ್ತೆ ಆಡಲಿಲ್ಲ, 2018ರಲ್ಲಿ ನಿವೃತ್ತನಾದ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ನಾಕೌಟ್ ಪಂದ್ಯವನ್ನೂ ಅವನು ಆಡಲಿಲ್ಲ. 2023ರಲ್ಲಿ ಅವನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿ ಗೌರವಿಸಿದರು. ಸಂತೋಷ. ಆದರೆ ಕಚೇರಿಯವರು 'ಮುಂದಿನ ವರ್ಷ' ಎಂದು ಬದಿಗಿಟ್ಟ ಕಾಲ ಅವನ ಪಾಲಿಗೆ ಕೊನೆಯ ವರ್ಷವಾಗಿತ್ತು. ಅದನ್ನು ಅವನಿಗೆ ಯಾವ ಡ್ರಾಫ್ಟ್ ಮರಳಿ ಕೊಟ್ಟೀತು?

2018ರ ಜನವರಿ 6ರಂದು, ಕೊರೆವ ಚಳಿಯಲ್ಲಿ, ಕ್ಲೀವ್‌ಲ್ಯಾಂಡಿನ ಜನ ಕ್ರೀಡಾಂಗಣದ ಸುತ್ತ ಮೆರವಣಿಗೆ ಹೋದರು. ಸೊನ್ನೆ ಗೆಲುವಿಗೆ ಸೊನ್ನೆಯಾಕಾರದ ಪ್ರದಕ್ಷಿಣೆ. ಆ ನೆಪದಲ್ಲಿ ಹಸಿದವರಿಗೆ ಅನ್ನ ಒದಗಿಸುವ ಅಲ್ಲಿಯ ಸಂಸ್ಥೆಗೆ ಹಣವನ್ನೂ ಕೂಡಿಸಿದರು. ಸೋತ ತಂಡವನ್ನು ಹೀಗೆ ಹಂಗಿಸುವುದು ತಪ್ಪೆಂದು ಕೆಲವರು ಗೊಣಗಿದರು. ನನಗೆ ಹಾಗೆನಿಸುವುದಿಲ್ಲ. ಟಿಕೆಟ್ಟಿಗೆ ಹಣ ಕೊಟ್ಟು, ಹಿಮದಲ್ಲಿ ಕುಳಿತು, ಪ್ರತಿ ಭಾನುವಾರ ನಂಬಿ ಬಂದವರು ಅವರು. ಕೇಳುವ ಹಕ್ಕು ಅವರದು.

ಪರಿಹಾರವೂ ದೂರವಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನವರು 1985ರಿಂದ ಮೊದಲ ಆಯ್ಕೆಗೆ ಚೀಟಿ ಎತ್ತುತ್ತಾರೆ. ಫುಟ್‌ಬಾಲಿನವರೂ ಅಷ್ಟನ್ನು ಮಾಡಲಿ. ಅದಕ್ಕೆ ನನ್ನದೊಂದು ಮಾತು ಸೇರಿಸಲಿ: ಎರಡು ವರ್ಷ ಸತತವಾಗಿ ಕೊನೆಯಲ್ಲಿ ನಿಂತವನ ಹೆಸರು ಚೀಟಿಯಲ್ಲಿ ಬೇಡ. ಹೊಸದಾಗಿ ಹುಟ್ಟಿದ ತಂಡಕ್ಕೆ ಮಾತ್ರ ರಿಯಾಯಿತಿ ಇರಲಿ.

ಅಳಿಯಂದಿರು ಮುಂದಿನ ಸಲ ಬಂದಾಗ ಈ ಲೇಖನವನ್ನು ಅವರ ಕೈಗೆ ಕೊಡುವವನಿದ್ದೇನೆ. ಪಟ್ಟಿಯ ತಲೆಯಿಂದ ಟ್ಯಾಂಪಾವನ್ನು ಇಳಿಸಿ, ತಾವು ವಾಸಿಸುವ ಒಹಾಯೊದ್ದೇ ತಂಡವನ್ನು ಅಲ್ಲಿ ಕೂರಿಸಲು ಅವರು ಒಪ್ಪುತ್ತಾರೋ ಇಲ್ಲವೋ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೇಳುತ್ತೇನೆ.