ಬೇಡದ ಸಲಾಯಿನ್, ಬೇಡದ ಕಸ

ಆಸ್ಪತ್ರೆ ಕಸದ ಬಗ್ಗೆ ಸಭೆ ಕರೆದಾಗಲೆಲ್ಲ ಮಾತು ಡಬ್ಬಿಗಳ ಬಣ್ಣಕ್ಕೇ ಬಂದು ನಿಲ್ಲುತ್ತದೆ. ಹಳದಿಗೆ ಏನು ಹಾಕಬೇಕು, ಕೆಂಪಿಗೆ ಏನು, ಬಿಳಿಗೆ ಏನು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಆ ಕಸ ಹುಟ್ಟಿದ್ದಾದರೂ ಯಾಕೆ ಎಂದು ಕೇಳುವವರೇ ಇಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

ಯಲಬುರ್ಗಾ ಸೀಮೆಯ ಸಣ್ಣ ದವಾಖಾನೆಗಳಿಗೆ ಸಂತೆಯ ದಿನ ಹೋಗಿ ನೋಡಿ. ಬೆಂಚಿನ ಮೇಲೆ ಮಲಗಿದ ಜನ, ಗೋಡೆಯ ಮೊಳೆಗೆ ತೂಗುಹಾಕಿದ ಬಾಟಲಿಗಳು. ‘ಭಾಳ ಅಶಕ್ತಿ ಆಗೈತ್ರಿ, ಒಂದು ಸಲಾಯಿನ್ ಹಚ್ರಿ.’ ಆ ಬಾಟಲಿಯಲ್ಲಿ ಇರುವುದೇನು? ಶೇ 5ರ ಗ್ಲೂಕೋಸ್ ಅರ್ಧ ಲೀಟರಿನಲ್ಲಿ 25 ಗ್ರಾಂ ಸಕ್ಕರೆ. ಉಪ್ಪಿನ ಬಾಟಲಿಯಾದರೆ ನಾಲ್ಕೂವರೆ ಗ್ರಾಂ ಉಪ್ಪು. ಬಾಯಿಂದಲೇ ಕುಡಿಯಬಲ್ಲ ಮನುಷ್ಯನಿಗೆ ಇದನ್ನು ನರಕ್ಕೆ ಇಳಿಸಲು ಪ್ಲಾಸ್ಟಿಕ್ ಬಾಟಲಿ, ಪಿವಿಸಿ ನಳಿಗೆ, ಸೂಜಿ, ಹತ್ತಿ, ಅಂಟುಪಟ್ಟಿ, ಇವೆಲ್ಲವನ್ನೂ ಸುತ್ತಿದ ಕವರುಗಳು! ಒಬ್ಬ ಕೂಲಿಕಾರನ ದಣಿವಿಗೆ ಇಷ್ಟು ಕಸ. ದಣಿವು ಮರುದಿನ ಹೊಲದಲ್ಲಿ ಮತ್ತೆ ಅಂಟಿಕೊಳ್ಳುತ್ತದೆ.

‘ಜನರೇ ಕೇಳ್ತಾರ, ನಾವು ಹಚ್ಚದಿದ್ರ ಪಕ್ಕದ ದವಾಖಾನಿಗೆ ಹೋಗ್ತಾರ’ ಎನ್ನುವ ಉತ್ತರ ಕೇಳಿ ಕೇಳಿ ಸಾಕಾಗಿದೆ. ಜನಕ್ಕೆ ಈ ರೂಢಿ ಕಲಿಸಿದವರು ಯಾರು? 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲಾಯಿನ್ ಸಾಲದಾದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಎಚ್ಚರ ತಪ್ಪಿದವರಿಗೆ, ನೀರು ಕೂಡ ಒಳಗೆ ನಿಲ್ಲದವರಿಗೆ ಸಲಾಯಿನ್ ಬೇಕು. ಆದರೆ ಕಾಲರಾದವರನ್ನು ಉಳಿಸಿದ ನೀರು ಬಿಸಿಲಿನ ಸುಸ್ತಿಗೆ ಸಾಲದೆ?

ಹಚ್ಚಿದ್ದೆಲ್ಲ ಎಲ್ಲಿಗೋ ಹೋಗಲೇಬೇಕು. ಪಿವಿಸಿ ನಳಿಗೆಯನ್ನು ಹಿತ್ತಲಲ್ಲಿ ಸುಟ್ಟರೆ ಡಯಾಕ್ಸಿನ್ ಏಳುತ್ತದೆ. ಸಿರಿಂಜು ಗುಜರಿ ಸೇರಿದರೆ ಏನಾಗುತ್ತದೆಂದು ಗುಜರಾತಿನ ಮೊಡಾಸಾ 2009ರಲ್ಲೇ ತೋರಿಸಿತು. ಮರುಬಳಕೆಯ ಸಿರಿಂಜುಗಳಿಂದ ಹೆಪಟೈಟಿಸ್ ಬಿ ಹರಡಿ ಹತ್ತಾರು ಜನ ಸತ್ತರು. ಕಾರ್ಖಾನೆಯ ಹೊಗೆ ಬೇಡವೆಂದು 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಮಾಡಿದ ಜಿಲ್ಲೆ ನಮ್ಮದು. ದವಾಖಾನೆ ಹಿತ್ತಲಿನ ಹೊಗೆಗೂ ಅದೇ ಸಿಟ್ಟು ಬರಬೇಕು.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ವರ್ಷಗಟ್ಟಲೆ ಅದನ್ನೇ ಕುಡಿದವರ ಕೀಲು ಹಿಡಿಯುತ್ತವೆ, ಸೊಂಟ ಬಾಗುತ್ತದೆ. ಅವರು ನೋವಿನ ಇಂಜೆಕ್ಷನ್‌ಗೆ ಸಾಲು ನಿಲ್ಲುತ್ತಾರೆ. ಫ್ಲೋರೋಸಿಸ್ ಯಾವ ಇಂಜೆಕ್ಷನ್ನಿಗೂ ವಾಸಿಯಾಗದು. ಶುದ್ಧ ನೀರು ಕೊಡಲಾಗದ ಸರ್ಕಾರ ಊರಿಗೆ ಸೂಜಿಗಳ ರಾಶಿ ಕೊಟ್ಟಿದೆ. ಕೆಟ್ಟುನಿಂತ ನೀರಿನ ಘಟಕ ರಿಪೇರಿ ಮಾಡುವುದೂ ಆಸ್ಪತ್ರೆ ಕಸ ಕಡಿಮೆ ಮಾಡುವ ಕೆಲಸವೇ, ಆದರೆ ಅದು ಯಾವ ತ್ಯಾಜ್ಯದ ಸಭೆಯಲ್ಲೂ ಚರ್ಚೆಗೆ ಬರುವುದಿಲ್ಲ.

ಖಾಸಗಿ ದವಾಖಾನೆಗಳ ನೋಂದಣಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರದ ಕೈಯಲ್ಲಿದೆ. ಪ್ರತಿ ದವಾಖಾನೆ ತಿಂಗಳಿಗೆ ಎಷ್ಟು ಸಲಾಯಿನ್ ಬಾಟಲಿ ಕೊಂಡಿತು, ಯಾವ ಕಾಯಿಲೆಗೆ ಹಚ್ಚಿತು ಎಂಬ ಲೆಕ್ಕವನ್ನು ಆ ಪ್ರಾಧಿಕಾರ ಕೇಳಲಿ. ಆ ಲೆಕ್ಕವನ್ನು ದವಾಖಾನೆಯ ಬಾಗಿಲಿಗೇ ಅಂಟಿಸಲಿ.