ಬಿಟ್ಟಿ ಟೋಪಿ, ಬಿಟ್ಟಿ ಸೈಕಲ್

ನಮ್ಮ ಟೀಮಿನ ಮೂವರು ಸೀನಿಯರ್ ಎಂಜಿನಿಯರ್‌ಗಳು ಒಂದು ಬಟ್ಟೆ ಟೋಪಿಗಾಗಿ ರಸ್ತೆ ಬದಿಯ ಹುಲ್ಲಿನಲ್ಲಿ ಕಿತ್ತಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೆಂಗಳೂರಿನ ಫುಟ್‌ಪಾತಿನಲ್ಲಿ ಅದನ್ನು ನೂರು ರೂಪಾಯಿಗೆ ಕೊಟ್ಟರೂ ಚೌಕಾಸಿ ಮಾಡುವ ಜನ ಇವರು.

ಅದು 2024ರ ಆಗಸ್ಟ್ 18, ಭಾನುವಾರ. ಸ್ವಾತಂತ್ರ್ಯ ದಿನಾಚರಣೆಯ ರಜೆಗೆ ಒಂದಿಷ್ಟು ರಜೆ ಸೇರಿಸಿಕೊಂಡು ಫ್ರಾನ್ಸಿಗೆ ಹೋಗಿದ್ದೆವು. ಆಲ್ಪ್ಸ್ ಪರ್ವತದ ಆಲ್ಪ್ ದ್ಯುಯೆಜ್ ಎಂಬಲ್ಲಿ ಮಹಿಳೆಯರ ಟೂರ್ ದ ಫ್ರಾನ್ಸ್ ಸೈಕಲ್ ರೇಸಿನ ಕೊನೇ ದಿನ. 13.8 ಕಿಲೋಮೀಟರ್ ಏರು, 21 ತಿರುವು. ಒಂದು ತಿರುವಿನಲ್ಲಿ ಬೆಳಗ್ಗೆಯಿಂದಲೇ ಜಾಗ ಹಿಡಿದು ಕೂತಿದ್ದೆವು. ನಮ್ಮ ಕಡೆ ತೇರು ನೋಡೋಕೆ ಮಾಳಿಗೆ ಹತ್ತಿ ಕೂತಿರ್ತಾರಲ್ಲ, ಥೇಟ್ ಹಾಗೆ. ತಾಸುಗಟ್ಟಲೆ ಕಾಯೋದು, ತೇರು ಮುಂದೆ ಹೋಗೋದು ಒಂದೆರಡು ನಿಮಿಷ.

ಸ್ಪರ್ಧಿಗಳಿಗಿಂತ ಮುಂಚೆ ಜಾಹೀರಾತು ಗಾಡಿಗಳ ಮೆರವಣಿಗೆ ಬರುತ್ತದೆ. ಪುರುಷರ ಟೂರ್‌ನಲ್ಲಿ 1930ರಿಂದ ಇರುವ ಪದ್ಧತಿ ಇದು. ಗಾಡಿಯಿಂದ ಟೋಪಿ, ಕೀ ಚೈನು, ತಿಂಡಿ ಪೊಟ್ಟಣ ಎಸೆಯುತ್ತಾರೆ. ಎಲ್ಲ ಬಿಟ್ಟಿ. ಬೆಟ್ಟದ ರಸ್ತೆ ಬದಿ ನಿಂತು ನೋಡೋದಕ್ಕೂ ಟಿಕೆಟ್ ಇಲ್ಲ. ಅದಕ್ಕಾಗಿ ಸಾರ್ವಜನಿಕ ರಸ್ತೆ ಬಂದ್ ಆಗುತ್ತೆ, ಉದ್ದಕ್ಕೂ ಪೊಲೀಸರು ನಿಲ್ತಾರೆ. ಯಾವ ಫ್ರೆಂಚ್ ತೆರಿಗೆದಾರನೂ ಬಂದು 'ನನ್ನ ದುಡ್ಡಲ್ಲಿ ಇದೇನ್ರೀ ನಿಮ್ಮ ಮೋಜು' ಅಂತ ನಮ್ಮನ್ನು ಕೇಳಲಿಲ್ಲ.

ರೇಸ್ ಮಾತ್ರ ಅದ್ಭುತ. ಡೆಮಿ ವೊಲೆರಿಂಗ್ ಐದನೇ ಹಂತದಲ್ಲಿ ಬಿದ್ದು ಹಳದಿ ಜೆರ್ಸಿ ಕಳಕೊಂಡಿದ್ದಳು. ಕೊನೇ ದಿನ ಹಿಂದಿನ ಗ್ಲಾಂಡೊನ್ ಘಟ್ಟದಲ್ಲೇ ದಾಳಿಗಿಳಿದು, ಆಲ್ಪ್ ದ್ಯುಯೆಜ್ ಹತ್ತಿ ಆ ಹಂತವನ್ನು ಗೆದ್ದಳು. ಆದರೆ ಎಂಟು ಹಂತಗಳ ಒಟ್ಟು ಲೆಕ್ಕದಲ್ಲಿ ಪೋಲೆಂಡಿನ ಕಾಶಾ ನೀವಿಯಡೋಮಾ ಬರೀ 4 ಸೆಕೆಂಡುಗಳಿಂದ ಟೂರ್ ಗೆದ್ದಳು. ಪುರುಷರ ಟೂರ್‌ನ ಅತಿ ಕಡಿಮೆ ಅಂತರ 8 ಸೆಕೆಂಡು, ಅದೂ 1989ರಲ್ಲಿ. ನಾವು ಗಂಟಲು ಹರಿಯೋ ಹಾಗೆ ಕೂಗಿದೆವು. ನಮ್ಮಲ್ಲೊಬ್ಬ ಕಣ್ಣೊರೆಸಿಕೊಂಡು, 'ಹುಡುಗೀರ ಕೈಗೆ ಸೈಕಲ್ ಕೊಟ್ಟರೆ ಏನಾಗುತ್ತೆ ನೋಡಿ' ಅಂತ ಸ್ಟೇಟಸ್ ಹಾಕಿದ.

ಸಂಜೆ ಅವ್ವಗೆ ಫೋನ್ ಮಾಡಿದೆ. 'ಸೈಕಲ್ ನೋಡಾಕ ಅಷ್ಟು ದೂರ ಹೋಗೀಯೇನು? ನಿನ್ನ ಸೈಕಲ್ ಇನ್ನಾ ಕಟ್ಟಿಗಿ ಮನ್ಯಾಗ ಐತಲ್ಲ' ಅಂದಳು.

ಆ ಸೈಕಲ್ಲೂ ಬಿಟ್ಟೀದೇ. ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಹತ್ತಿರ ನಮ್ಮ ಹಳ್ಳಿ. ಊರ ಶಾಲೆ ಏಳನೇ ಕ್ಲಾಸಿಗೆ ಮುಗೀತಿತ್ತು. ಎಂಟನೇ ಕ್ಲಾಸಿಗೆ ತುರ್ವಿಹಾಳಕ್ಕೇ ಹೋಗಬೇಕು. ಕರ್ನಾಟಕದ ಸಾವಿರಾರು ಹಳ್ಳಿಗಳಲ್ಲಿ ಹುಡುಗಿಯ ಓದು ನಿಲ್ಲೋದು ಇಲ್ಲೇ. ಏಳನೇ ಕ್ಲಾಸು ಮನೆ ಮುಂದೆ, ಎಂಟನೇ ಕ್ಲಾಸು ಐದಾರು ಕಿಲೋಮೀಟರ್ ಆಚೆ, ಹುಡುಗಿಗೆ ಆಗ ಹದಿಮೂರು ವರ್ಷ. ಸರ್ಕಾರ 2006-07ರಲ್ಲಿ ಸೈಕಲ್ ಯೋಜನೆ ತಂದಾಗ ಎಂಟನೇ ಕ್ಲಾಸನ್ನೇ ಆರಿಸಿಕೊಂಡಿದ್ದು ಸುಮ್ಮನೆ ಅಲ್ಲ.

ಅದೇನು ಕಾರ್ಬನ್ ಫ್ರೇಮಿನ ಸೈಕಲ್ ಅಲ್ಲ. ಚೈನು ಬೀಳ್ತಿತ್ತು. ಮಳೆ ಬಂದರೆ ಎರೆ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿನೇ ತಿರುಗ್ತಿರಲಿಲ್ಲ, ಆಗ ಸೈಕಲ್ಲನ್ನು ನಾವೇ ಹೊರಬೇಕು. ಆದರೂ ಕಾಲುವೆ ದಂಡೆಯ ಮೇಲೆ, ಭತ್ತದ ಗದ್ದೆಗಳ ನಡುವೆ ಐದು ಹುಡುಗಿಯರು ಒಟ್ಟಿಗೆ ಹೋಗ್ತಿದ್ದೆವು. ಐವರೂ ಎಸೆಸೆಲ್ಸಿ ಮುಗಿಸಿದೆವು. ನಮಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಬೇಕೂ ಇರಲಿಲ್ಲ. ಹಿಂದಿನಿಂದ ಲಾರಿಯವರು ಹಾರ್ನ್ ಹೊಡೆಯದೆ ಇದ್ದಿದ್ದರೆ ಸಾಕಿತ್ತು.

ಈ ಸೈಕಲ್ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ನಾನು ಆಲ್ಪ್ಸ್‌ನಲ್ಲಿ ಚಪ್ಪಾಳೆ ತಟ್ಟುತ್ತಿದ್ದ ಆ ಆಗಸ್ಟಿನಲ್ಲೂ ಮತ್ತೆ ಶುರುವಾಗಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಈ ಮಾತು ತೆಗೆದೆ. ಸ್ಟೇಟಸ್ ಹಾಕಿದ್ದ ಅದೇ ಮಹಾಶಯ ಹೇಳಿದ: 'ನಿಂತಿದ್ದೇ ಒಳ್ಳೇದು ಬಿಡು. ಎಷ್ಟು ಅಂತ ಬಿಟ್ಟಿ ಕೊಡೋದು? ನಮ್ಮ ಟ್ಯಾಕ್ಸ್ ದುಡ್ಡು.' ಅವನ ಮೇಜಿನ ಮೇಲೆ ಆ ಟೋಪಿ ಇತ್ತು.

ಅವತ್ತು ಸುಮ್ಮನಿದ್ದೆ. ಇಲ್ಲಿ ಉತ್ತರ ಕೊಡ್ತೀನಿ.

ನಿಮಗೆ ಡೇಟಾ ಬೇಕು ತಾನೆ? ಬಿಹಾರ ಸರ್ಕಾರವೂ 2006ರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಯೋಜನೆ ತಂದಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದರ ಪರಿಣಾಮವನ್ನು ಅಳೆದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು. ಶಾಲೆ ದೂರ ಇದ್ದ ಊರುಗಳಲ್ಲೇ ಹೆಚ್ಚು ಲಾಭ. ನಿಮ್ಮ ಯಾವ ಪ್ರಾಡಕ್ಟ್ ಒಂದು ಗುಂಡಿ ಬದಲಿಸಿ ಶೇ. 32 ಏರಿದೆ, ಹೇಳಿ.

'ಮಾರಿಕೊಳ್ತಾರೆ' ಅಂತೀರಿ. ಕೆಲವರು ಮಾರಿರಬಹುದು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಸಿನಿಮಾ ನೋಡ್ತಾರೆ ಅಂತ ಲ್ಯಾಪ್‌ಟಾಪ್ ಕೊಡೋದು ನಿಲ್ಲಿಸಿದ್ದಾರಾ? 'ಕಳಪೆ ಸೈಕಲ್' ಅಂತೀರಿ. ಒಪ್ಪಿದೆ. ಹಾಗಾದರೆ ಒಳ್ಳೇದು ಕೊಡಿ ಅಂತ ಕೇಳಬೇಕು, ಕೊಡಲೇಬೇಡಿ ಅಂತಲ್ಲ. 'ಈಗ ಹೆಂಗಸರಿಗೆ ಬಸ್ ಫ್ರೀ ಇದೆಯಲ್ಲ' ಅಂತೀರಿ. ಇದೆ, 2023ರ ಜೂನ್‌ನಿಂದ ಇದೆ, ಒಳ್ಳೇದೇ. ಆದರೆ ಫ್ರೀ ಆಗೋದಕ್ಕೆ ಮೊದಲು ಬಸ್ಸು ಬರಬೇಕಲ್ಲ! ಕಾಲುವೆ ದಂಡೆಯ ಹಳ್ಳಿಗೆ ಶಾಲೆಯ ಟೈಮಿಗೆ ಸರಿಯಾಗಿ ಯಾವ ಬಸ್ಸು ಬರುತ್ತೆ? ಸೈಕಲ್ಲಿಗೆ ಟೈಮ್‌ಟೇಬಲ್ ಇಲ್ಲ, ಹುಡುಗಿ ಹತ್ತಿದಾಗ ಹೊರಡುತ್ತೆ.

ಬೆಟ್ಟದ ಮೇಲೆ ಇನ್ನೊಬ್ಬ ಕೇಳಿದ್ದ, 'ಇಲ್ಲಿ ನಮ್ಮ ದೇಶದವರು ಯಾಕಿಲ್ಲ?' ಅಂತ. ವಿಜಯಪುರ, ಬಾಗಲಕೋಟೆಯ ಮಕ್ಕಳು ಹೆದ್ದಾರಿಯಲ್ಲಿ ಲಾರಿಗಳ ಪಕ್ಕದಲ್ಲೇ ಅಭ್ಯಾಸ ಮಾಡಿ ರಾಷ್ಟ್ರಮಟ್ಟದ ಪದಕ ತರೋದು ಅವನಿಗೆ ಗೊತ್ತೇ ಇಲ್ಲ. ಆದರೆ ನನ್ನ ವಾದ ಪದಕದ್ದಲ್ಲ. ಹಳದಿ ಜೆರ್ಸಿ ಆಮೇಲೆ ನೋಡೋಣ, ಮೊದಲು ಹುಡುಗಿ ಎಂಟನೇ ಕ್ಲಾಸಿನ ಬಾಗಿಲು ಮುಟ್ಟಲಿ.

ನಿಮಗೆ ಬಿಟ್ಟಿ ಅಂದರೆ ಅಲರ್ಜಿ ಏನಿಲ್ಲ, ಟೋಪಿ ಹಿಡಿಯೋವಾಗ ನೋಡಿದ್ದೇನಲ್ಲ. ಬಡವರ ಮಕ್ಕಳ ಕೈಗೆ ಸಿಕ್ಕಾಗ ಮಾತ್ರ ನಿಮಗೆ ತೆರಿಗೆ ನೆನಪಾಗುತ್ತೆ. ನಾನೂ ಇಂದು ನಿಮ್ಮಷ್ಟೇ ತೆರಿಗೆ ಕಟ್ತೀನಿ. ಆ ಸೈಕಲ್ ಇಲ್ಲದಿದ್ದರೆ ಕಟ್ತಾ ಇರಲಿಲ್ಲ. ಬಜೆಟ್ ದಿನ ನಿಮ್ಮ ಸ್ಲ್ಯಾಬ್ ನೋಡಿ ಮುಗಿದ ಮೇಲೆ ಶಿಕ್ಷಣ ಇಲಾಖೆಯ ಪುಟವನ್ನೂ ಒಮ್ಮೆ ತೆಗೆಯಿರಿ. ಎಂಟನೇ ಕ್ಲಾಸಿನ ಸೈಕಲ್ಲಿಗೆ ದುಡ್ಡು ಇಟ್ಟಿದ್ದಾರಾ ನೋಡಿ. ಇಟ್ಟಿಲ್ಲ ಅಂದರೆ ನಿಮ್ಮ ಶಾಸಕರನ್ನು ಕೇಳಿ, ಆ ಬೆಟ್ಟದ ಮೇಲೆ ಕೂಗಿದ ಗಂಟಲಿನಲ್ಲೇ.