ಗುಂಡಿಗೊಬ್ಬ ಕಾವಲುಗಾರ ಯಾಕೆ?

ಪತ್ರಿಕೋದ್ಯಮ ಓದಿದವನಿಗೆ ಜಾವಾಸ್ಕ್ರಿಪ್ಟ್ ಯಾಕಪ್ಪ ಅಂತ ಊರಲ್ಲಿ ಕೇಳುತ್ತಾರೆ. ಜನ ಸುದ್ದಿ ಓದುವುದೇ ಮೊಬೈಲಿನಲ್ಲಿ. ಗುಂಡಿ ಒತ್ತಿದಾಗ ಸುದ್ದಿ ತೆರೆಯದಿದ್ದರೆ ಬರೆದಿದ್ದೂ ದಂಡ. ಅದಕ್ಕೇ ವಿಜಯನಗರದ ತರಬೇತಿ ಕೇಂದ್ರವೊಂದಕ್ಕೆ ಸೇರಿದ್ದೆ.

ಹತ್ತು ಸುದ್ದಿಗಳ ಪುಟ ಮಾಡಿ, ಪ್ರತಿಯೊಂದಕ್ಕೂ ‘ಮುಂದೆ ಓದಿ’ ಗುಂಡಿ ಇಟ್ಟೆ. ಮೊದಲನೆಯದು ಮಾತ್ರ ಕೆಲಸ ಮಾಡಿತು. ಕ್ವೆರಿಸೆಲೆಕ್ಟರ್ ಮೊದಲು ಸಿಕ್ಕಿದ್ದನ್ನಷ್ಟೇ ಕೊಡುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕೇಳಿದ್ದಕ್ಕೆ, ‘ಕ್ವೆರಿಸೆಲೆಕ್ಟರ್‌ಆಲ್ ಹಾಕಿ, ಫಾರ್‌ಈಚ್ ಕೊಡಿ’ ಎಂದರು. ಹತ್ತೂ ನಡೆದವು. ಆದರೆ ‘ಇನ್ನಷ್ಟು ಸುದ್ದಿ’ ಒತ್ತಿದಾಗ ಬಂದ ಹೊಸ ಗುಂಡಿಗಳು ಮತ್ತೆ ಮೂಕ. ಪುಟ ತೆರೆದಾಗ ಇದ್ದವಕ್ಕೆ ಮಾತ್ರ ನಾನು ಆ್ಯಡ್‌ಇವೆಂಟ್‌ಲಿಸನರ್ ಕಟ್ಟಿದ್ದೆ.

ನನಗಿದು ಅರ್ಥವಾಗಿದ್ದು ರಾಜಾಜಿನಗರದಲ್ಲಿ ನಮ್ಮತ್ತೆ ಇರುವ ವಠಾರದಿಂದ. ಎಂಟು ಮನೆ, ಒಂದೇ ಗೇಟು. ಯಾವ ಮನೆಯಿಂದ ಹೊರಟರೂ ಜಗಲಿ ದಾಟಿ ಗೇಟಿಗೇ ಬರಬೇಕು. ಕ್ಲಿಕ್ಕೂ ಹಾಗೆಯೇ: ಗುಂಡಿಯಲ್ಲಿ ಹುಟ್ಟಿ, ಅದನ್ನು ಸುತ್ತುವರಿದ ಪೆಟ್ಟಿಗೆಗಳನ್ನು ಒಂದೊಂದಾಗಿ ದಾಟಿ ಮೇಲಕ್ಕೆ ಹೋಗುತ್ತದೆ. ಇದೇ ಬಬ್ಲಿಂಗ್. ಹಾಗಾದರೆ ಗೇಟಿನಲ್ಲಿ, ಅಂದರೆ ಇಡೀ ಸುದ್ದಿಪಟ್ಟಿಗೆ, ಒಬ್ಬ ಕಾವಲುಗಾರ ಸಾಕು. ‘ಯಾವ ಮನೆಯವರು?’ ಎಂಬ ಪ್ರಶ್ನೆಗೆ ಇವೆಂಟ್.ಟಾರ್ಗೆಟ್ ಉತ್ತರ ಕೊಡುತ್ತದೆ. ಗುಂಡಿಯೊಳಗಿನ ಚಿತ್ರದ ಮೇಲೆ ಬೆರಳು ಬಿದ್ದರೆ ಟಾರ್ಗೆಟ್ ಆ ಚಿತ್ರವಾಗುತ್ತದೆ. ಆಗ ಕ್ಲೋಸೆಸ್ಟ್ ಬಳಸಿ ಗುಂಡಿಯನ್ನು ಹುಡುಕಬೇಕು. ನಾಳೆ ಹೊಸ ಬಾಡಿಗೆಯವರು ಬಂದರೂ ಹೊಸ ಕಾವಲುಗಾರ ಬೇಡ.

ಎರಡು ಮೂರು ಗುಂಡಿಗಳು ಬದಲಾಗದೆ ಇರುವಲ್ಲಿ ಫಾರ್‌ಈಚ್ ತಪ್ಪಲ್ಲ. ಎಲ್ಲ ಇವೆಂಟುಗಳೂ ಮೇಲಕ್ಕೆ ಹೋಗುವುದಿಲ್ಲ. ಫೋಕಸ್ ಹೋಗದು, ಅದಕ್ಕೆ ಫೋಕಸ್‌ಇನ್ ಇದೆ. ಆದರೆ ಯಾವುದನ್ನು ಎಲ್ಲಿ ಬಳಸಬೇಕು ಎಂದು ತಿಳಿಯಲು ಕ್ಲಿಕ್ಕಿನ ದಾರಿ ಗೊತ್ತಿರಬೇಕು. ಇದೇನು ಹೊಸ ವಿದ್ಯೆಯಲ್ಲ, 2000ರಲ್ಲೇ ಡಬ್ಲ್ಯು3ಸಿ ಮಾನದಂಡದಲ್ಲಿ ಸೇರಿದ್ದು.

ನನ್ನ ತಕರಾರು ಇಷ್ಟೇ. ಸಾಲ ಮಾಡಿ ಫೀಸು ಕಟ್ಟಿದ ಹಳ್ಳಿ ಹುಡುಗರಿಗೆ ನಕಲು ಮಾಡುವ ಕೋಡ್ ಮೊದಲು ಸಿಗುತ್ತದೆ, ಕಾರಣ ಸಿಗುವುದೇ ಇಲ್ಲ. ಇಂಟರ್‌ವ್ಯೂನಲ್ಲಿ ಕೇಳುವುದು ಕಾರಣವನ್ನೇ. ಪದಗಳು ಇಂಗ್ಲಿಷಿನಲ್ಲೇ ಇರಲಿ. ಕ್ಲಿಕ್ ನಡೆಯುವ ದಾರಿಯನ್ನು ಮೊದಲು ಕನ್ನಡದಲ್ಲಿ ಹೇಳಿಕೊಡಿ. ಅರ್ಧ ಗಂಟೆ ಸಾಕು. ನನಗೆ ಅದು ತಿಳಿಯಲು ಮೂರು ತಿಂಗಳು ಹಿಡಿಯಿತು.